ಡಿಜೆ ಮನೆಪಾಠದ ಲೆಕ್ಕಾಚಾರ

ಪರ್ತ್ ನಗರದ ನಡುಭಾಗದಿಂದ ಈಶಾನ್ಯಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಸ್ವಾನ್ ವ್ಯಾಲಿ ಸಿಗುತ್ತದೆ. ನದಿಯ ಗುಂಟ ದ್ರಾಕ್ಷಿತೋಟಗಳು, ವೈನ್ ರುಚಿ ನೋಡಲು ಬಂದವರ ಕಾರುಗಳು, ಹುಲ್ಲುಹಾಸಿನ ಮೇಲೆ ಮದುವೆಯ ಬಿಳಿ ಶಾಮಿಯಾನಗಳು. ಇಲ್ಲಿನ ಸ್ಯಾಂಡಲ್‌ಫರ್ಡ್ ತೋಟ 1840ರಷ್ಟು ಹಳೆಯದು. ಇಂಥ ತೋಟಗಳಲ್ಲಿ ಈಗ ವೈನಿನ ಜೊತೆ ಮದುವೆಯೂ ಒಂದು ವ್ಯಾಪಾರ. ಬಿಸಿಲು ಹದವಾಗಿರುವ ಸೆಪ್ಟೆಂಬರಿನಿಂದ ನವೆಂಬರಿನವರೆಗೆ, ಮತ್ತೆ ಮಾರ್ಚ್‌ನಿಂದ ಮೇವರೆಗೆ ಅದರ ಸುಗ್ಗಿ. ಊಟ, ಭಾಷಣ ಮುಗಿದ ಮೇಲೆ ಕುಣಿತ; ಕುಣಿತಕ್ಕೆ ಡಿಜೆ ಬೇಕು.

ತೋಟಗಳ ಅಂಚಿಗೇ ಎಲೆನ್‌ಬ್ರೂಕ್, ಏವ್ಲಿ, ಬ್ರಾಬಮ್‌ನಂಥ ಹೊಸ ಬಡಾವಣೆಗಳು ಬೆಳೆದಿವೆ. 2024ರ ಡಿಸೆಂಬರ್ 8ರಂದು ಎಲೆನ್‌ಬ್ರೂಕ್‌ಗೆ ರೈಲು ಬಂದ ಮೇಲೆ ನಗರ ಇನ್ನೂ ಹತ್ತಿರವಾಗಿದೆ. ಭಾರತದಿಂದ ಬಂದು ನೆಲೆಸುವವರಿಗೆ ಪರ್ತ್ ಇಷ್ಟವಾಗಲು ವೀಸಾ ನಿಯಮವೂ ಒಂದು ಕಾರಣ. 2019ರ ನವೆಂಬರಿನಿಂದ ಪರ್ತ್ ಮತ್ತು ಅಡಿಲೇಡ್ ಪ್ರಾದೇಶಿಕ ವಲಸೆಯ ಪಟ್ಟಿಯಲ್ಲಿವೆ, ಬ್ರಿಸ್ಬೇನ್ ಇಲ್ಲ. ಹೀಗೆ ಬಂದವರಲ್ಲಿ ಹಗಲು ಕಂಪ್ಯೂಟರ್ ಮುಂದೆಯೋ ಆಸ್ಪತ್ರೆಯಲ್ಲೋ ದುಡಿದು, ಶನಿವಾರ ರಾತ್ರಿ ಮದುವೆಗೆ, ಹುಟ್ಟುಹಬ್ಬಕ್ಕೆ, ಕನ್ನಡ ಸಂಘದ ದೀಪಾವಳಿಗೆ ಹಾಡು ನುಡಿಸುವ ಹವ್ಯಾಸಿಗಳಿರುತ್ತಾರೆ. ಅಂಥವರಿಗೆ ಮೂವತ್ತೈದು ದಾಟಿ, ಮನೆಯಲ್ಲಿ ಚಿಕ್ಕ ಮಕ್ಕಳಾದಾಗ ಒಂದು ಯೋಚನೆ ಬರುವುದು ಸಹಜ. ರಾತ್ರಿ ಒಂದು ಗಂಟೆಗೆ ಸ್ಪೀಕರ್ ಹೊತ್ತುಕೊಂಡು ಬರುವ ಬದಲು ಇದೇ ವಿದ್ಯೆಯನ್ನು ಹಗಲಲ್ಲಿ ಕಲಿಸಿ ನಾಲ್ಕು ಕಾಸು ಸಂಪಾದಿಸಬಾರದೇಕೆ?

ಸಂಪಾದಿಸಬಹುದು. ಆದರೆ ‘ವಾರಾಂತ್ಯದಲ್ಲಿ ಕಲಿಸಿ, ಸಾವಿರಾರು ಡಾಲರ್ ಗಳಿಸಿ’ ಎನ್ನುವ ಜಾಹೀರಾತಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂದು ತಿಳಿಯಬೇಕಾದರೆ ಡಿಜೆ ಮಾಡುವ ಕೆಲಸವೇನು, ಅದರಲ್ಲಿ ಇನ್ನೊಬ್ಬರಿಗೆ ದುಡ್ಡು ತೆಗೆದುಕೊಂಡು ಕಲಿಸುವಂಥದ್ದು ಎಷ್ಟು ಉಳಿದಿದೆ ಎಂಬುದನ್ನು ಮೊದಲು ನೋಡಬೇಕು.

ಹೊರಗಿನಿಂದ ನೋಡುವವರಿಗೆ ಡಿಜೆ ಹೆಡ್‌ಫೋನ್ ಹಾಕಿಕೊಂಡು ಗುಂಡಿ ತಿರುಗಿಸುವವನು. ಒಳಗಿನ ಕೆಲಸ ಎರಡು ಹಾಡುಗಳದ್ದು. ಒಂದು ಹಾಡು ಜನರ ಕಿವಿಯಲ್ಲಿ ಓಡುತ್ತಿರುವಾಗ ಇನ್ನೊಂದನ್ನು ತನ್ನ ಹೆಡ್‌ಫೋನಿನಲ್ಲಿ ಮಾತ್ರ ಕೇಳುತ್ತಾ, ಅದರ ವೇಗವನ್ನು ಮೊದಲನೆಯದಕ್ಕೆ ಹೊಂದಿಸಿ, ಕುಣಿಯುವವರ ಕಾಲು ತಪ್ಪದ ಹಾಗೆ ಒಳಗೆ ಬಿಡಬೇಕು. ವೇಗವನ್ನು ನಿಮಿಷಕ್ಕೆ ಎಷ್ಟು ಪೆಟ್ಟು ಎಂದು ಎಣಿಸುತ್ತಾರೆ. ಇದಕ್ಕೆ ಬಿಪಿಎಂ ಎಂದು ಹೆಸರು. ಕ್ಲಬ್ಬುಗಳ ಹೌಸ್ ಸಂಗೀತ 120ರಿಂದ 128ರ ಆಸುಪಾಸು. 128ರಲ್ಲಿ ಮೂವತ್ತೆರಡು ಪೆಟ್ಟುಗಳಿಗೆ ಸರಿಯಾಗಿ ಹದಿನೈದು ಸೆಕೆಂಡು. ಸಂಗೀತ ಪಾಠಕ್ಕೆ ಹೋದವರಿಗೆ ಇದನ್ನು ಹೇಳಿಕೊಡುವುದು ಸುಲಭ: ಆದಿತಾಳ ನಾಲ್ಕು ಆವರ್ತ ಹಾಕಿದರೆ ಮೂವತ್ತೆರಡು. ಈ ಬಗೆಯ ಸಂಗೀತದಲ್ಲಿ ಹೊಸ ವಾದ್ಯ ಸೇರುವುದು, ಡ್ರಮ್ ನಿಲ್ಲುವುದು, ಹಾಡು ಶುರುವಾಗುವುದು ಬಹುಮಟ್ಟಿಗೆ ಈ ಆವರ್ತಗಳ ತಲೆಯಲ್ಲೇ. ಈಗ ಎರಡನೇ ಹಾಡಿನ ವೇಗ 126 ಇದೆ ಎಂದುಕೊಳ್ಳಿ. ವ್ಯತ್ಯಾಸ ಎರಡೇ. ಆದರೆ ಅದೇ ಹದಿನೈದು ಸೆಕೆಂಡಿನಲ್ಲಿ ಒಂದು ಹಾಡು ಮೂವತ್ತೆರಡು ಪೆಟ್ಟು ಮುಗಿಸಿದರೆ ಇನ್ನೊಂದು ಮೂವತ್ತೊಂದೂವರೆಯಲ್ಲಿ ನಿಂತಿರುತ್ತದೆ. ಒಂದರ ಪೆಟ್ಟು ಇನ್ನೊಂದರ ಎಡೆಗೆ ಬಿದ್ದು, ಕೇಳುವವರಿಗೆ ಇಬ್ಬರು ತಮಟೆಯವರು ಜಗಳಕ್ಕೆ ನಿಂತ ಹಾಗಾಗುತ್ತದೆ.

ಹಿಂದೆ ಇದನ್ನು ಕಿವಿಯಿಂದಲೇ ಸರಿಪಡಿಸಬೇಕಿತ್ತು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಡಿಜೆ ಎರಡು ಗ್ರಾಮಫೋನ್ ತಟ್ಟೆ ಇಟ್ಟುಕೊಂಡು ಕುಣಿತದ ತುಣುಕನ್ನೇ ಉದ್ದ ಮಾಡಿದ ಕಾಲದಿಂದ ಮುಂದೆ ಬಹುಕಾಲ ಈ ವಿದ್ಯೆಗೆ ಶಾಲೆ ಅಂತ ಇರಲಿಲ್ಲ. ನುಡಿಸುವವನ ಬೆನ್ನ ಹಿಂದೆ ನಿಂತು, ಅವನ ಪೆಟ್ಟಿಗೆ ಹೊತ್ತು, ನೋಡಿ ಕಲಿಯಬೇಕು. ರನ್-ಡಿಎಂಸಿ ಎಂಬ ಹಿಪ್‌ಹಾಪ್ ತಂಡದ ಜ್ಯಾಮ್ ಮಾಸ್ಟರ್ ಜೇ ಇತರರೊಡನೆ ಸೇರಿ ಸ್ಕ್ರ್ಯಾಚ್ ಡಿಜೆ ಅಕಾಡೆಮಿ ತೆರೆದದ್ದು 2002ರಲ್ಲಿ. ಫೀಸು ಕಟ್ಟಿ ಡಿಜೆ ಕಲಿಯುವುದು ಹಾಗೆ ನೋಡಿದರೆ ತೀರಾ ಹೊಸ ವ್ಯವಹಾರ.

ಆ ವ್ಯವಹಾರದ ಬುಡಕ್ಕೇ ಕೈ ಹಾಕಿದ್ದು ಸಿಂಕ್ ಎಂಬ ಗುಂಡಿ. ಕೆಲವು ನೂರು ಡಾಲರಿನ ಕಂಟ್ರೋಲರ್ ಕೊಂಡು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ರೆಕಾರ್ಡ್‌ಬಾಕ್ಸ್, ಸೆರಾಟೋದಂಥ ತಂತ್ರಾಂಶಗಳು ಎರಡು ಹಾಡಿನ ವೇಗವನ್ನು ತಾವೇ ಹೊಂದಿಸುತ್ತವೆ. ಹಾಡಿನಿಂದ ಕಂಠವನ್ನು ಬೇರೆ, ತಾಳವಾದ್ಯವನ್ನು ಬೇರೆ ಮಾಡುವ ಸೌಲಭ್ಯವೂ ಈಚಿನ ವರ್ಷಗಳಲ್ಲಿ ಬಂದಿದೆ. ಯಾವ ಗುಂಡಿ ಏನು ಮಾಡುತ್ತದೆ ಎಂದು ಯೂಟ್ಯೂಬ್ ಪುಕ್ಕಟೆ ಹೇಳುತ್ತದೆ, ಅದೂ ಮೇಷ್ಟ್ರಿಗಿಂತ ತಾಳ್ಮೆಯಿಂದ, ಎಷ್ಟು ಸಲ ಬೇಕಾದರೂ. ಹಾಗಾಗಿ ‘ನಾನು ಮೆಷೀನ್ ಹೇಳಿಕೊಡುತ್ತೇನೆ’ ಎಂದು ಬೋರ್ಡು ಹಾಕಿದವರಿಗೆ ಒಂದು ತೊಂದರೆ ಕಾದಿದೆ. ಹುಡುಗ ನಾಲ್ಕನೇ ಪಾಠಕ್ಕೆ ಎಲ್ಲ ಗುಂಡಿ ಕಲಿತು ಐದನೆಯದಕ್ಕೆ ಬರುವುದಿಲ್ಲ. ಮನೆಪಾಠದಲ್ಲಿ ಕಾಸು ನಿಲ್ಲುವುದು ಐದನೇ ಪಾಠದಿಂದ ಆಚೆಗೆ. ಹೊಸ ವಿದ್ಯಾರ್ಥಿಯನ್ನು ಹುಡುಕುವ ಖರ್ಚು, ಮೊದಲ ಭೇಟಿಯ ಪುಕ್ಕಟೆ ಅರ್ಧ ಗಂಟೆ, ತಂದೆತಾಯಿಯ ಜೊತೆ ಫೋನು, ಇವೆಲ್ಲ ಆಗುವುದು ಶುರುವಿನಲ್ಲಿ.

ಹಾಗಾದರೆ ಯಂತ್ರಕ್ಕೆ ಬಾರದ್ದು ಯಾವುದು? ನಮ್ಮ ಹಾಡುಗಳು.

ಮೇಲೆ ಹೇಳಿದ ತಂತ್ರಾಂಶಗಳು ಹೌಸ್, ಟೆಕ್ನೊ, ಹಿಪ್‌ಹಾಪ್‌ಗಳ ಮೇಲೆ ಪಳಗಿದಂಥವು. ಅವುಗಳ ಮಟ್ಟಿಗೆ ಹಾಡೆಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗ, ನಾಲ್ಕು ನಾಲ್ಕರ ಎಣಿಕೆ. ರಾಜನ್–ನಾಗೇಂದ್ರರ ಕಾಲದ ಹಾಡನ್ನು ಅವುಗಳ ಮುಂದಿಡಿ. ಅದು ಸ್ಟುಡಿಯೋದಲ್ಲಿ ವಾದ್ಯವೃಂದ ಕೂತು ನುಡಿಸಿದ್ದು. ಪಲ್ಲವಿಗೆ 102 ಇದ್ದ ವೇಗ ಚರಣಕ್ಕೆ ಬರುವಾಗ 104 ಆಗಿದ್ದರೆ ಯಾರ ತಪ್ಪೂ ಅಲ್ಲ, ಮನುಷ್ಯರು ನುಡಿಸಿದರೆ ಹಾಗೇ. ತಂತ್ರಾಂಶ ಮಾತ್ರ ಸಾಮಾನ್ಯವಾಗಿ ಇಡೀ ಹಾಡಿಗೆ ಒಂದೇ ಗೆರೆ ಎಳೆದುಬಿಡುತ್ತದೆ. ನೂರನೇ ಪೆಟ್ಟಿಗೆ ಬರುವಷ್ಟರಲ್ಲಿ ಗೆರೆ ಒಂದು ಕಡೆ, ತಬಲಾ ಒಂದು ಕಡೆ.

ಇದಕ್ಕಿಂತ ಸೂಕ್ಷ್ಮವಾದದ್ದು ನಡೆಯ ತೊಡಕು. ನಮ್ಮ ಜನಪದದ ಕುಣಿತಗಳು, ಅವುಗಳ ಜಾಡು ಹಿಡಿದ ಎಷ್ಟೋ ಸಿನಿಮಾ ಹಾಡುಗಳು ‘ತಕಿಟ ತಕಿಟ’ ಎಂದು ಮೂರರಲ್ಲಿ ಓಡುತ್ತವೆ. ಕ್ಲಬ್ಬಿನ ಸಂಗೀತ ‘ತಕಧಿಮಿ’ ಎಂದು ನಾಲ್ಕರಲ್ಲಿ. ಹೀಗೆ ಮೂರರಲ್ಲಿ ಓಡುವ ತಿಶ್ರದ ಹಾಡೊಂದರ ನಿಜವಾದ ವೇಗ 90 ಇದ್ದರೆ ಯಂತ್ರ ಅದರ ಒಳಪೆಟ್ಟುಗಳನ್ನು ತಪ್ಪಾಗಿ ಎಣಿಸಿ 135 ಎಂದು ತೋರಿಸಬಹುದು. ಅದನ್ನು ನಂಬಿ ಸಿಂಕ್ ಒತ್ತಿದ ಹುಡುಗನಿಗೆ ಎಲ್ಲಿ ಎಡವಿದ್ದು ಎಂದೇ ತಿಳಿಯುವುದಿಲ್ಲ. ವೇಗ ಸರಿಯಾಗಿ ಹಿಡಿದರೂ ಎರಡನ್ನೂ ಉದ್ದಕ್ಕೆ ಒಟ್ಟಿಗೆ ಓಡಿಸಲಾಗದು. ದೊಡ್ಡ ಪೆಟ್ಟು ಕೂಡಿದರೂ ನಡುವಿನ ಚಿಕ್ಕ ಪೆಟ್ಟುಗಳು ಒಂದನ್ನೊಂದು ತುಳಿಯುತ್ತವೆ. ಹಾಗಾಗಿ ಬರೀ ಚಪ್ಪಾಳೆಯೋ ಡೊಳ್ಳೋ ಇರುವ ಜಾಗ ಹುಡುಕಿ, ಆವರ್ತದ ತಲೆಯಲ್ಲಿ ಕತ್ತರಿಸಿ ದಾಟಬೇಕು. ಯಾವಾಗ ಬೆರೆಸಬೇಕು, ಯಾವಾಗ ಕತ್ತರಿಸಬೇಕು ಎನ್ನುವುದು ಪಕ್ಕದಲ್ಲಿ ಕೂತು ‘ಈಗ ಕೇಳು, ಎಲ್ಲಿ ಜಾರಿತು?’ ಎಂದು ಕೇಳುವವರಿಂದ ಬೇಗ ಬರುತ್ತದೆ. ಹತ್ತು ವರ್ಷ ಮೃದಂಗ ಕಲಿತ ಹುಡುಗಿಗೆ ಇದನ್ನು ಹೇಳಲು ಒಂದು ಶನಿವಾರ ಸಾಕು. ತಾಳ ಹಾಕಿ ಅಭ್ಯಾಸವಿಲ್ಲದವನಿಗೆ ಶಾಲೆಯ ಒಂದು ಇಡೀ ಟರ್ಮ್ ಬೇಕಾಗಬಹುದು.

ಪರ್ತ್‌ನ ಮಟ್ಟಿಗೆ ಇನ್ನೊಂದು ಸೊಗಸಿದೆ. ಈ ಊರಿನ ಯುವಕರಿಗೆ ಡ್ರಮ್ ಅಂಡ್ ಬೇಸ್ ಎಂದರೆ ಪ್ರಾಣ. ಆ ಪ್ರಕಾರವನ್ನು ಜಗತ್ತಿನ ದೊಡ್ಡ ವೇದಿಕೆಗಳಿಗೆ ಒಯ್ದ ಪೆಂಡುಲಮ್ ತಂಡ 2002ರಲ್ಲಿ ಹುಟ್ಟಿದ್ದು ಇಲ್ಲೇ. ಅದರ ವೇಗ ಸುಮಾರು 174. ಅರ್ಧ ಮಾಡಿದರೆ 87, ನಮ್ಮ ಎಷ್ಟೋ ಕುಣಿತದ ಹಾಡುಗಳ ನಡಿಗೆಗೆ ಹತ್ತಿರ. ಸ್ಥಳೀಯ ಶಾಲೆಯಲ್ಲಿ ಓದುವ ಕನ್ನಡದ ಹುಡುಗನಿಗೆ ಅಪ್ಪನ ಕಾಲದ ಹಾಡಿನ ಅಡಿಗೆ ತನ್ನ ಗೆಳೆಯರ ಸಂಗೀತವನ್ನು ಹಾಸುವುದು ಹೇಗೆಂದು ತೋರಿಸಿದರೆ, ಅವನು ಐದನೇ ಪಾಠಕ್ಕೂ ಬರುತ್ತಾನೆ, ಹದಿನೈದನೆಯದಕ್ಕೂ ಬರುತ್ತಾನೆ. ಊರಿನ ಬೇರೆ ಡಿಜೆ ಶಿಕ್ಷಕರು ಕೊಡಲಾಗದ ಸರಕು ಇದು. ಹಿಂದಿ, ಪಂಜಾಬಿ ಹಾಡು ನುಡಿಸುವವರು ಬೇಕಾದಷ್ಟು ಸಿಗುತ್ತಾರೆ. ‘ಟಗರು’ ಚಿತ್ರದ ಶೀರ್ಷಿಕೆ ಗೀತೆ ಬಂದಾಗ ಹಾಲ್‌ನಲ್ಲಿ ಏನಾಗುತ್ತದೆ, ಅದಕ್ಕೆ ಮುಂಚೆ ಏನು ಹಾಕಿದರೆ ಅಜ್ಜಿಯರೂ ಎದ್ದು ನಿಂತಿರುತ್ತಾರೆ ಎಂಬುದು ತಿಳಿದವರು ಕಡಿಮೆ.

ಇನ್ನು ದುಡ್ಡಿನ ವಿಷಯ. ಒಂದು ಅಂದಾಜು ಹಾಕೋಣ. ಅಂಕಿಗಳು ಉದಾಹರಣೆಗಷ್ಟೇ, ಲೆಕ್ಕದ ದಾರಿ ಮುಖ್ಯ. ಗಂಟೆಗೆ 60 ಡಾಲರ್, ವಾರಕ್ಕೆ ನಾಲ್ವರು, ಶಾಲೆಯ ನಾಲ್ಕು ಟರ್ಮ್ ಸೇರಿ ವರ್ಷಕ್ಕೆ ನಲವತ್ತು ವಾರ. ಕಾಗದದ ಮೇಲೆ 9,600 ಡಾಲರ್. ಆದರೆ ಜ್ವರ, ಪರೀಕ್ಷೆ, ಊರಿಗೆ ಹೋಗುವುದು ಎಂದು ಎಂಟರಲ್ಲಿ ಒಂದು ಪಾಠ ತಪ್ಪುತ್ತದೆ ಎಂದುಕೊಂಡರೆ ಕೈಗೆ ಬರುವುದು 8,400. ವಿಮೆ, ಹಾಡುಗಳ ಖರೀದಿ, ಸವೆಯುವ ಸಲಕರಣೆ, ಕೇಬಲ್ಲು, ಚೂರುಪಾರು ಜಾಹೀರಾತಿಗೆ 1,400 ಕಳೆಯಿರಿ. ಉಳಿದ 7,000 ಡಾಲರ್ ನಿಮ್ಮ ಸಂಬಳದ ಮೇಲೆ ಕೂರುತ್ತದೆ. ಸಂಬಳ 45,000ದಿಂದ 1,35,000 ಡಾಲರ್ ನಡುವೆ ಇದ್ದರೆ ಈ ಹೆಚ್ಚುವರಿಗೆ ತೆರಿಗೆ ಶೇ 30, ಸರ್ಕಾರಿ ಆರೋಗ್ಯ ವ್ಯವಸ್ಥೆಯ ಮೆಡಿಕೇರ್ ಸುಂಕ ಶೇ 2. ಅಲ್ಲಿಗೆ 2,240 ಹೋಗಿ 4,760 ಮಿಕ್ಕಿತು. 140 ಪಾಠ, ಪ್ರತಿಯೊಂದಕ್ಕೂ ತಯಾರಿ, ಜೋಡಣೆ, ವಾಟ್ಸ್ಆ್ಯಪ್ ಉತ್ತರ ಸೇರಿ ಇನ್ನರ್ಧ ಗಂಟೆ ಹಿಡಿದರೆ 210 ಗಂಟೆ. ಗಂಟೆಗೆ ಇಪ್ಪತ್ತಮೂರು ಡಾಲರಿಗೂ ಕಡಿಮೆ.

ಇದನ್ನು ಯಾವುದಕ್ಕೆ ಹೋಲಿಸಬೇಕು? 2025ರ ಜುಲೈ 1ರಿಂದ ಆಸ್ಟ್ರೇಲಿಯದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ಕ್ಯಾಶುವಲ್, ಅಂದರೆ ಕಾಯಂ ಅಲ್ಲದ, ಕೆಲಸಕ್ಕೆ ಶೇ 25 ಸೇರಿ 31 ಡಾಲರ್ ಚಿಲ್ಲರೆ. ಅದಕ್ಕೂ ಇದೇ ಶೇ 32 ಕಳೆದರೆ 21 ಡಾಲರ್ ಸಿಗುತ್ತದೆ. ಅಂದರೆ ವರ್ಷಗಟ್ಟಲೆ ಕಲಿತ ವಿದ್ಯೆಯನ್ನು ಒಬ್ಬೊಬ್ಬರಿಗೇ ಹೇಳಿಕೊಡುವ ಮೇಷ್ಟ್ರಿಗೂ ಕನಿಷ್ಠ ಕೂಲಿಗೆ ದುಡಿಯುವವರಿಗೂ ಒಂದೂವರೆ ಡಾಲರ್ ವ್ಯತ್ಯಾಸ. ಸಲಕರಣೆಗೆ ಸಾಲ ಮಾಡಿದ್ದರೆ ಅದೂ ಇಲ್ಲ. ಕ್ಲಬ್ಬುಗಳಲ್ಲಿ ಇರುವಂಥ ಪ್ಲೇಯರ್ ಜೋಡಿ, ಮಿಕ್ಸರ್ ಬೇಕೇ ಬೇಕು ಎಂದು ಹೊರಟರೆ ಹತ್ತು ಸಾವಿರ ಡಾಲರ್ ದಾಟುತ್ತದೆ. ಮೇಲಿನ ಲೆಕ್ಕದಲ್ಲಿ ಎರಡು ವರ್ಷದ ಗಳಿಕೆ ಅಲ್ಲಿಗೇ ಮುಗಿಯಿತು. ಕಲಿಯುವವರ ಮನೆಯಲ್ಲಿ ಇರುವುದು ಚಿಕ್ಕ ಕಂಟ್ರೋಲರ್. ಕಲಿಸಲಿಕ್ಕೂ ಅದೇ ಸಾಕು.

ಚಿತ್ರ ಬದಲಾಗುವುದು ಗುಂಪಿನಲ್ಲಿ. ನಾಲ್ವರನ್ನು ಒಟ್ಟಿಗೆ ಕೂರಿಸಿ ಎರಡು ಗಂಟೆಯ ತರಗತಿಗೆ ತಲಾ 45 ಡಾಲರ್ ಎಂದರೆ 180. ತಯಾರಿಯ ಅರ್ಧ ಗಂಟೆ ಸೇರಿಸಿದರೂ, ಖರ್ಚು, ತೆರಿಗೆ ಕಳೆಯುವ ಮುಂಚೆ ಗಂಟೆಗೆ 72; ಒಬ್ಬೊಬ್ಬರಿಗೆ ಹೇಳಿದಾಗ ಒಂದೂವರೆ ಗಂಟೆಗೆ 60, ಅಂದರೆ ಗಂಟೆಗೆ 40. ಈ ವಿದ್ಯೆಗೆ ಗುಂಪು ಒಗ್ಗುತ್ತದೆ ಕೂಡ. ಒಬ್ಬ ನುಡಿಸುವಾಗ ಮೂವರು ತಾಳ ಹಾಕುತ್ತಾ ಎಲ್ಲಿ ಜಾರಿತು ಎಂದು ಹಿಡಿಯುತ್ತಾರೆ. ಕಿವಿ ತಯಾರಾಗುವುದು ಹಾಗೆಯೇ. ಕರ್ನಾಟಕ ಸಂಗೀತದ ಮನೆಪಾಠಗಳು ಪರದೇಶಗಳಲ್ಲಿ ಬದುಕಿರುವುದೂ ಇದೇ ಕ್ರಮದಿಂದ: ಗ್ಯಾರೇಜಿನಲ್ಲಿ ಜಮಖಾನ ಹಾಸಿ ಐದಾರು ಮಕ್ಕಳು, ಟರ್ಮಿನ ಶುರುವಿಗೇ ಪೂರ್ತಿ ಫೀಸು.

ಫೀಸಿನ ಮಾತು ಬಂದಾಗ ನಮ್ಮವರ ಒಂದು ಸಂಕೋಚದ ಬಗ್ಗೆ ಹೇಳಲೇಬೇಕು. ‘ನಮ್ಮವರೇ ಅಲ್ವಾ ಗುರು, ಮಗನಿಗೆ ಸ್ವಲ್ಪ ತೋರಿಸಿಬಿಡಿ’ ಎಂದು ಸಂಘದ ಊಟದ ಸಾಲಿನಲ್ಲಿ ಕೇಳಿದರೆ ಇಲ್ಲವೆನ್ನುವುದು ಕಷ್ಟ. ಮೂರು ತಿಂಗಳು ಪುಕ್ಕಟೆ ತೋರಿಸಿದ ಮೇಲೆ ಫೀಸು ಕೇಳುವುದು ಇನ್ನೂ ಕಷ್ಟ. ಗೆಳೆಯರಿಗೆ ರಿಯಾಯಿತಿ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಮೊದಲ ದಿನವೇ ಪೂರ್ತಿ ದರ ಬರೆದು ಅದರ ಕೆಳಗೆ ರಿಯಾಯಿತಿ ಬರೆಯಿರಿ. ಭರತನಾಟ್ಯದ ಟೀಚರಮ್ಮನಿಗೆ ಟರ್ಮಿಗೆ ಮುಂಗಡ ಕೊಡುವ ತಂದೆತಾಯಿ ಡಿಜೆ ಮೇಷ್ಟ್ರಿಗೂ ಕೊಡುತ್ತಾರೆ, ಇದೂ ಪಾಠವೇ ಎಂದು ಅನ್ನಿಸಿದರೆ. ಅನ್ನಿಸದಿರಲು ಕಾರಣವಿದೆ. ಊರಿನಲ್ಲಿ ಅವರು ಕಂಡ ಡಿಜೆ ಗಣಪತಿ ಮೆರವಣಿಗೆಯ ಲಾರಿ ಮೇಲಿನ ಸ್ಪೀಕರುಗಳ ಗೋಡೆ, ಪೊಲೀಸರ ನೋಟಿಸು, ಕಿವಿ ಮುಚ್ಚಿಕೊಂಡ ಮುದುಕರು. ಅಂಥವರನ್ನು ಮೊದಲ ತರಗತಿಗೆ ಕರೆದು ಕೂರಿಸುವುದೇ ಉತ್ತಮ ಜಾಹೀರಾತು.

ಈಗ ಕಾನೂನು. ಇಲ್ಲಿ ತೆರಿಗೆಗಿಂತ ಮೊದಲು ನೋಡಬೇಕಾದ್ದು ವೀಸಾ. ಕಾಯಂ ನಿವಾಸಿಗಳಿಗೆ, ಪೌರರಿಗೆ ಅಡ್ಡಿಯಿಲ್ಲ. ಆದರೆ ಕಂಪನಿಯ ಪ್ರಾಯೋಜಕತ್ವದಲ್ಲಿ 482 ವೀಸಾದ ಮೇಲೆ ಬಂದವರಿಗೆ 8607 ಎಂಬ ಷರತ್ತು ಇರುತ್ತದೆ: ಸಾಮಾನ್ಯವಾಗಿ ಪ್ರಾಯೋಜಿಸಿದ ಸಂಸ್ಥೆಗೆ, ಹೆಸರಿಸಿದ ವೃತ್ತಿಯಲ್ಲಿ ಮಾತ್ರ ದುಡಿಯಬೇಕು. ಸಾಫ್ಟ್‌ವೇರ್ ಎಂಜಿನಿಯರ್ ಎಂದು ಬಂದವರು ಶನಿವಾರ ಫೀಸು ತೆಗೆದುಕೊಂಡು ಡಿಜೆ ಕಲಿಸಿದರೆ ಆ ಷರತ್ತು ಮುರಿದ ಹಾಗೆ. ನಾಲ್ಕು ಸಾವಿರ ಡಾಲರಿಗೆ ವೀಸಾ ಪಣಕ್ಕಿಡುವುದು ಜಾಣತನವಲ್ಲ. ವಿದ್ಯಾರ್ಥಿ ವೀಸಾದವರಿಗೆ ತರಗತಿಗಳು ನಡೆಯುವಾಗ ಎರಡು ವಾರಕ್ಕೆ 48 ಗಂಟೆಯ ಮಿತಿ 2023ರ ಜುಲೈಯಿಂದ ಇದೆ. ಸ್ವಂತ ದುಡಿಮೆಯ ಗಂಟೆಯನ್ನೂ ಅದರಲ್ಲೇ ಹಿಡಿಯಬೇಕು.

ವೀಸಾ ಸರಿಯಿದ್ದರೆ ಮುಂದಿನದು ಎಬಿಎನ್, ವ್ಯವಹಾರದ ಗುರುತಿನ ಸಂಖ್ಯೆ. ಸರ್ಕಾರದ ತಾಣದಲ್ಲಿ ಇದು ಪುಕ್ಕಟೆ. ದುಡ್ಡು ಕೇಳುವ ತಾಣಗಳು ಮಧ್ಯವರ್ತಿಗಳದ್ದು. ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 75,000 ಡಾಲರ್ ಮುಟ್ಟುವವರೆಗೆ ಬೇಡ. ಆದರೆ ಊಬರ್ ಓಡಿಸುವವರಿಗೆ ಇಲ್ಲೊಂದು ಕೊಕ್ಕೆ ಇದೆ. ಪ್ರಯಾಣಿಕರನ್ನು ಸಾಗಿಸುವವರು ಮೊದಲ ಡಾಲರಿನಿಂದಲೇ ಜಿಎಸ್‌ಟಿಗೆ ನೋಂದಾಯಿಸಬೇಕು, ಮತ್ತು ಒಮ್ಮೆ ನೋಂದಾಯಿಸಿದ ಮೇಲೆ ಅದೇ ವ್ಯಕ್ತಿಯ ಬೇರೆ ವ್ಯವಹಾರಕ್ಕೂ ಅದು ತಗಲುತ್ತದೆ. ರಾತ್ರಿ ಊಬರ್, ಹಗಲು ಡಿಜೆ ಪಾಠ ಎನ್ನುವವರ 60 ಡಾಲರ್ ಫೀಸಿನಲ್ಲಿ ಹನ್ನೊಂದರಲ್ಲಿ ಒಂದು ಪಾಲು ತೆರಿಗೆ ಕಚೇರಿಯದು. ಇದು ಗೊತ್ತಿಲ್ಲದೆ ದರ ನಿಗದಿ ಮಾಡಿದರೆ ಮೇಲಿನ ಒಂದೂವರೆ ಡಾಲರಿನ ಲಾಭವೂ ಉಳಿಯುವುದಿಲ್ಲ. ಹಣಕಾಸು ವರ್ಷ ಜುಲೈನಿಂದ ಜೂನ್. ರಸೀದಿಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು.

ಮಕ್ಕಳಿಗೆ ಕಲಿಸುವುದಾದರೆ ಪೊಲೀಸ್ ದಾಖಲೆ ಪರಿಶೀಲಿಸಿ ಕೊಡುವ ಕಾರ್ಡು ಬೇಕು. ಪಶ್ಚಿಮ ಆಸ್ಟ್ರೇಲಿಯದಲ್ಲಿ 2004ರ ಕಾಯ್ದೆಯ ಪ್ರಕಾರ ವರ್ಕಿಂಗ್ ವಿತ್ ಚಿಲ್ಡ್ರನ್ ಕಾರ್ಡ್. ಖಾಸಗಿ ಪಾಠವೂ ಅದರ ವ್ಯಾಪ್ತಿಗೆ ಬರುತ್ತದೆ. ಬ್ರಿಸ್ಬೇನಿನಲ್ಲಿ ಇದೇ ಬ್ಲೂ ಕಾರ್ಡ್. 2020ರ ಆಗಸ್ಟ್ ಕೊನೆಯಿಂದ ಅಲ್ಲಿ ಕಾರ್ಡು ಕೈಗೆ ಬರುವವರೆಗೆ ಕೆಲಸ ಶುರು ಮಾಡುವಂತಿಲ್ಲ. ಅಡಿಲೇಡಿನಲ್ಲೂ ಇಂಥದ್ದೇ ಪರಿಶೀಲನೆ ಇದೆ. ಕಾನೂನು ಹೇಳಲಿ ಬಿಡಲಿ, ಬಾಗಿಲು ತೆರೆದಿಟ್ಟು, ತಂದೆತಾಯಿ ಬಂದು ಕೂರಬಹುದಾದ ಕೋಣೆಯಲ್ಲಿ ಕಲಿಸುವುದು ಎಲ್ಲರಿಗೂ ಕ್ಷೇಮ.

ಸದ್ದಿನ ವಿಷಯಕ್ಕೆ ಬಂದರೆ, ಹೊಸ ಬಡಾವಣೆಗಳಲ್ಲಿ ಮನೆಗೂ ಮನೆಗೂ ನಡುವೆ ಜಾಗ ಕಡಿಮೆ. ಪಶ್ಚಿಮ ಆಸ್ಟ್ರೇಲಿಯದ 1997ರ ಶಬ್ದ ನಿಯಮಗಳಲ್ಲಿ ನೆರೆಮನೆಗೆ ತಲುಪುವ ಸದ್ದಿನ ಮೂಲ ಮಿತಿ ಹಗಲು 45 ಡೆಸಿಬೆಲ್, ಸಂಜೆ 40, ರಾತ್ರಿ 35. ಸುತ್ತಲಿನ ರಸ್ತೆ, ಉದ್ಯಮ ನೋಡಿ ಸ್ವಲ್ಪ ಸೇರಿಸುತ್ತಾರೆ. ಭಾರತದ 2000ನೇ ಇಸವಿಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ವ್ಯತ್ಯಾಸವೇನೆಂದರೆ ಇಲ್ಲಿ ನೆರೆಯವರು ದೂರು ಕೊಟ್ಟರೆ ಸ್ಥಳೀಯ ಕೌನ್ಸಿಲಿನವರು ಮೀಟರ್ ಹಿಡಿದು ಬರುತ್ತಾರೆ. ಮನೆಯಲ್ಲಿ ವ್ಯವಹಾರ ನಡೆಸಲು ಅನುಮತಿ ಬೇಕೇ ಎಂದೂ ಅದೇ ಕೌನ್ಸಿಲನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಎಲೆನ್‌ಬ್ರೂಕ್ ಕಡೆಯವರಿಗೆ ಅದು ಸಿಟಿ ಆಫ್ ಸ್ವಾನ್. ಪಾಠಕ್ಕೆ ದೊಡ್ಡ ಸ್ಪೀಕರ್ ಬೇಕಿಲ್ಲ. ಒಂದು ತಂತಿಯನ್ನು ನಾಲ್ಕು ಹೆಡ್‌ಫೋನಿಗೆ ಹಂಚುವ ಪುಟ್ಟ ಪೆಟ್ಟಿಗೆ ಸಿಗುತ್ತದೆ, ಅದು ಸಾಕು. ಸದ್ದು ಕಡಿಮೆ ಇಡುವುದು ಕಿವಿಗೂ ಒಳ್ಳೆಯದು. ಆಸ್ಟ್ರೇಲಿಯದ ಕೆಲಸದ ಜಾಗಗಳಲ್ಲಿ ಮಿತಿ ಎಂಟು ಗಂಟೆಗೆ 85 ಡೆಸಿಬೆಲ್. ಪ್ರತಿ ಮೂರು ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಹದಿನೈದು ನಿಮಿಷ ಮಾತ್ರ. ಶನಿವಾರ ಹಗಲು ಪಾಠ, ರಾತ್ರಿ ಮದುವೆ ಎನ್ನುವವರ ಕಿವಿಗೆ ಈ ಲೆಕ್ಕ ಎರಡೂ ಕಡೆಯಿಂದ ಕೂಡುತ್ತದೆ.

ಹಾಡುಗಳ ಹಕ್ಕಿನ ಬಗ್ಗೆ ಚಿಕ್ಕದಾಗಿ. ಸಭೆ, ಹೋಟೆಲು, ಹಾಲ್‌ಗಳಲ್ಲಿ ನುಡಿಸುವ ಸಂಗೀತಕ್ಕೆ 2019ರ ಜುಲೈ 1ರಿಂದ ಒನ್‌ಮ್ಯೂಸಿಕ್ ಆಸ್ಟ್ರೇಲಿಯ ಒಂದೇ ಪರವಾನಗಿ ಕೊಡುತ್ತದೆ, ಸಾಮಾನ್ಯವಾಗಿ ಜಾಗದ ಮಾಲೀಕರು ಅದನ್ನು ಪಡೆದಿರುತ್ತಾರೆ. ಯೂಟ್ಯೂಬಿನಿಂದ ಎಳೆದುಕೊಂಡ ಹಾಡಿಗೆ ಅದು ರಕ್ಷೆಯಲ್ಲ. ಅದರ ಧ್ವನಿಯೂ ದೊಡ್ಡ ಸ್ಪೀಕರಿನಲ್ಲಿ ಬಡಕಲಾಗಿ ಕೇಳುತ್ತದೆ. ಹಾಡು ಕೊಳ್ಳುವುದನ್ನು ಮೊದಲ ತಿಂಗಳಲ್ಲೇ ಅಭ್ಯಾಸ ಮಾಡಿಸುವುದು ಮೇಷ್ಟ್ರ ಕೆಲಸ.

ಬ್ರಿಸ್ಬೇನ್, ಅಡಿಲೇಡಿನಲ್ಲಿ ಲೆಕ್ಕ ಇದೇ, ನೆಲ ಬೇರೆ. ಬ್ರಿಸ್ಬೇನಿನ ಫಾರ್ಟಿಟ್ಯೂಡ್ ವ್ಯಾಲಿಯನ್ನು 2006ರಲ್ಲೇ ಮನರಂಜನೆಯ ವಿಶೇಷ ವಲಯ ಮಾಡಿದ್ದರಿಂದ ಕ್ಲಬ್ಬುಗಳು ಒಂದೆಡೆ ಗಟ್ಟಿಯಾಗಿ ನಿಂತಿವೆ. ಅಲ್ಲಿ ಕಲಿಯುವವರ ಗುರಿ ಕ್ಲಬ್ಬು. ಅಡಿಲೇಡ್ 2015ರಿಂದ ಯುನೆಸ್ಕೊ ಸಂಗೀತ ನಗರ. ಫೆಬ್ರುವರಿ–ಮಾರ್ಚ್‌ನ ಫ್ರಿಂಜ್ ಉತ್ಸವದ ಸುತ್ತ ಊರಿಗೆ ಊರೇ ವೇದಿಕೆಯಾಗುತ್ತದೆ. ಸ್ವಾನ್ ವ್ಯಾಲಿಯಲ್ಲಿ ಗುರಿ ಮದುವೆ.

ಬೆಂಗಳೂರಿನವರಿಗೆ ಆನ್‌ಲೈನ್ ಪಾಠ ಹೇಳುವ ಆಸೆಯೂ ಹಲವರಿಗೆ ಬರುತ್ತದೆ. ಪರ್ತ್ ಭಾರತಕ್ಕಿಂತ ಎರಡೂವರೆ ಗಂಟೆ ಮಾತ್ರ ಮುಂದೆ. ಇಲ್ಲಿ ರಾತ್ರಿ ಎಂಟೂವರೆ ಎಂದರೆ ಅಲ್ಲಿ ಸಂಜೆ ಆರು. ಬ್ರಿಸ್ಬೇನ್ ನಾಲ್ಕೂವರೆ ಗಂಟೆ ಮುಂದಿರುವುದರಿಂದ ಅಲ್ಲಿನವರಿಗೆ ಇದು ನಿದ್ದೆಗೇಡು. ಆದರೆ ವಿಡಿಯೋ ಕರೆಯ ತಂತ್ರಾಂಶಗಳು ಸಂಗೀತವನ್ನು ಗದ್ದಲವೆಂದು ತಿಳಿದು ಅಳಿಸಿಹಾಕುತ್ತವೆ. ಗದ್ದಲ ಅಳಿಸುವ ಆ ಸೌಲಭ್ಯವನ್ನು ಹುಡುಕಿ ನಿಲ್ಲಿಸಬೇಕು. ಸದ್ದು ತಡವಾಗಿ ತಲುಪುವುದರಿಂದ ಜೊತೆಯಲ್ಲಿ ತಾಳ ಹಾಕಲಾಗದು. ವಿದ್ಯಾರ್ಥಿ ಹತ್ತು ನಿಮಿಷ ನುಡಿಸಿ ಕಳಿಸಿದ್ದನ್ನು ಕೇಳಿ, ತಪ್ಪಿದ ಜಾಗಗಳನ್ನು ನಿಮಿಷ–ಸೆಕೆಂಡು ಸಮೇತ ಬರೆದು ಕಳಿಸುವುದು ಹೆಚ್ಚು ಫಲ ಕೊಡುವ ದಾರಿ. ಇದಕ್ಕೆ ಬೆಂಗಳೂರಿನ ದರದಲ್ಲಿ ರೂಪಾಯಿ ಸಿಗುತ್ತದೆಯೇ ಹೊರತು ಪರ್ತ್‌ನ ಡಾಲರ್ ಅಲ್ಲ.

ನನ್ನ ಅಂದಾಜಿನಲ್ಲಿ ಡಿಜೆ ಮೇಷ್ಟ್ರಿಗೆ ನಿಜವಾದ ವರಮಾನ ಬರುವುದು ಮೂರನೇ ಟರ್ಮಿನ ನಂತರ, ಅದೂ ಫೀಸಿನಿಂದಲ್ಲ. ಆ ಹೊತ್ತಿಗೆ ವಿದ್ಯಾರ್ಥಿಗೆ ವೇದಿಕೆ ಬೇಕು. ಮೇಷ್ಟ್ರಿಗೆ ಶನಿವಾರ ಎರಡು ಕಡೆಯಿಂದ ಕರೆ ಬಂದಿರುತ್ತದೆ, ಹೋಗಲಾಗುವುದು ಒಂದಕ್ಕೆ. ತಯಾರಾದ ಹುಡುಗಿಯೊಬ್ಬಳಿದ್ದರೆ ಚಿಕ್ಕ ಕಾರ್ಯಕ್ರಮವನ್ನು ಅವಳಿಗೆ ವಹಿಸಿ, ತನ್ನ ಸಲಕರಣೆಗೆ ಬಾಡಿಗೆ, ಗಿರಾಕಿ ತಂದದ್ದಕ್ಕೆ ಒಂದು ಪಾಲು ಎಂದು ಮೊದಲೇ ಮಾತಾಡಿಕೊಳ್ಳಬಹುದು. ಅದಕ್ಕೂ ಮುಂಚಿನ ಮೆಟ್ಟಿಲು ಊಟದ ಹೊತ್ತಿನ ಒಂದು ಗಂಟೆ. ಜನ ಮಾತಾಡುತ್ತಾ ಉಣ್ಣುವಾಗ ಮೆಲುದನಿಯಲ್ಲಿ ಹಳೆಯ ಹಾಡುಗಳು ಸಾಗುತ್ತಿದ್ದರೆ ಸಾಕು, ಒಂದೆರಡು ಕಡೆ ಜಾರಿದರೂ ಯಾರೂ ತಲೆಯೆತ್ತುವುದಿಲ್ಲ. ಆ ಗಂಟೆಯನ್ನು ವಿದ್ಯಾರ್ಥಿಗೆ ಬಿಡಿ, ಅದಕ್ಕೆ ಕೂಲಿಯನ್ನೂ ಕೊಡಿ. ಆದರೆ ತೋಟದ ಮ್ಯಾನೇಜರಿಗೆ ಮೊದಲೇ ತಿಳಿಸಿರಬೇಕು. ಸಾರ್ವಜನಿಕ ಹೊಣೆಯ ವಿಮೆಯ ಪತ್ರ, ವಿದ್ಯುತ್ ತಂತಿಗಳಿಗೆ ಪರೀಕ್ಷೆಯ ಚೀಟಿ ಇಲ್ಲದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ಆ ವಿಮೆಯಲ್ಲಿ ನಿಮ್ಮ ಜೊತೆ ಬಂದವರ ಹೆಸರೂ ಸೇರಿದೆಯೇ ಎಂದು ಹಿಂದಿನ ವಾರವೇ ಫೋನ್ ಮಾಡಿ ಕೇಳಿಕೊಳ್ಳಿ.